ಕಣ್ಣು ಸೆಳೆಯುವ ಕಟ್ಟಡ, ಮಳೆ ತಾಳುವ ಕಟ್ಟಡ



ಜಗತ್ತಿನ ದೊಡ್ಡ ಊರುಗಳಲ್ಲಿ ತಲೆಯೆತ್ತಿರುವ ಹೊಸ ಕಾಲದ ಕಟ್ಟಡಗಳ ಬಗ್ಗೆ ಇವತ್ತು ನಾಲ್ಕು ಮಾತು. ಮೀಂಜದ ಅಡಿಕೆ ತೋಟದ ನಡುವೆ ಕುಳಿತು ರೇಡಿಯೊ ಕೇಳುವ ನಮಗೆ ಸಿಡ್ನಿ, ದುಬಾಯಿಗಳ ಕಟ್ಟಡದಿಂದ ಏನಾಗಬೇಕು ಎಂದು ನೀವು ಕೇಳಬಹುದು. ಆಗಬೇಕಾದ್ದು ಉಂಟು. ತಲಪಾಡಿಯಿಂದ ತೆಂಕಿಗೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ರಸ್ತೆ ಬದಿಯ ಎಷ್ಟೋ ಹಳೆಯ ಅಂಗಡಿ ಸಾಲುಗಳು ಹೋದವು. ಹೊಸಂಗಡಿಯಲ್ಲಿರಲಿ, ಒಳಗಿನ ಮೀಯಪದವಿನಲ್ಲಿರಲಿ, ಇನ್ನು ಏಳುವ ಕಟ್ಟಡಗಳಲ್ಲಿ ಕೆಲವಕ್ಕೆ ನಮ್ಮದೇ ಪಂಚಾಯತಿನ ಹಣ ಹೋಗುತ್ತದೆ, ಕೆಲವಕ್ಕೆ ನಮ್ಮದೇ ಸಹಕಾರಿ ಸಂಘದ ಹಣ. ಅವು ಹೇಗಿರಬೇಕು ಎಂಬ ಮಾತು ಬಂದಾಗ ಗಲ್ಫಿನ ಒಂದು ಚಿತ್ರ ತೋರಿಸಿ "ಹೀಗೆಯೇ ಇರಲಿ" ಎನ್ನುವುದು ಬಹಳ ಸುಲಭ. ಆ ಚಿತ್ರದ ಹಿಂದೆ ಏನಿದೆ ಎಂಬುದನ್ನು ಸ್ವಲ್ಪ ನೋಡೋಣ.

ಮೊದಲು ಆಸ್ಟ್ರೇಲಿಯಾದ ಸಿಡ್ನಿ ಒಪೆರಾ ಹೌಸ್. ಬಂದರಿನ ನೀರಿಗೆ ಚಾಚಿದ ನೆಲದ ತುದಿಯಲ್ಲಿರುವ ಸಂಗೀತ, ನಾಟಕಗಳ ಮಂದಿರವದು. ದೂರದಿಂದ ಹಾಯಿ ಬಿಚ್ಚಿದ ಹಡಗಿನಂತೆ ಕಾಣುತ್ತದೆ. 1957ರ ಸ್ಪರ್ಧೆಯಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಸೋನ್ ಅವರ ನಕ್ಷೆ ಗೆದ್ದಿತು. ಕಾಗದದ ಮೇಲಿನ ಆ ಮಾಡನ್ನು ನೆಲದ ಮೇಲೆ ನಿಲ್ಲಿಸುವುದು ಹೇಗೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ವರ್ಷಗಟ್ಟಲೆ ಲೆಕ್ಕ ಹಾಕಿದ ಮೇಲೆ ಒಂದು ಉಪಾಯ ಸಿಕ್ಕಿತು. ಒಂದೇ ಕಿತ್ತಳೆಯ ಸಿಪ್ಪೆಯನ್ನು ಬೇರೆ ಬೇರೆ ಗಾತ್ರದಲ್ಲಿ ಸುಲಿದಂತೆ, ಎಲ್ಲ ಚಿಪ್ಪುಗಳನ್ನೂ ಒಂದೇ ಅಳತೆಯ ಗೋಳದಿಂದ ತೆಗೆಯುವುದು. ಬಾಗು ಒಂದೇ ಆದಾಗ ಅಚ್ಚು ಇಟ್ಟು ಕಾಂಕ್ರೀಟು ಎರೆಯಬಹುದು. ಅದರ ಮೇಲೆ ಹತ್ತು ಲಕ್ಷಕ್ಕೂ ಮಿಕ್ಕಿ ಬಿಳಿ ಹಂಚಿನ ಬಿಲ್ಲೆಗಳನ್ನು ಹೊದಿಸಿದರು. ನಾಲ್ಕು ವರ್ಷದ ಕೆಲಸ ಎಂದುಕೊಂಡದ್ದು 1959ರಿಂದ 1973ರವರೆಗೆ ನಡೆಯಿತು. 70 ಲಕ್ಷ ಡಾಲರಿನ ಅಂದಾಜು 10 ಕೋಟಿ 20 ಲಕ್ಷಕ್ಕೆ ಏರಿತು. ಆ ಹಣದ ಬಹುಪಾಲು ಬಂದದ್ದು ಸರಕಾರಿ ಲಾಟರಿಯಿಂದ. ಕೇರಳದ ನಮಗೆ ಲಾಟರಿಯ ಪರಿಚಯ ಹೇಳಬೇಕಾಗಿಲ್ಲ. ಸರಕಾರದೊಡನೆ ಮನಸ್ತಾಪವಾಗಿ 1966ರಲ್ಲಿ ಹೊರಟುಹೋದ ಉಟ್ಸೋನ್, ಪೂರ್ಣಗೊಂಡ ತಮ್ಮ ಕಟ್ಟಡವನ್ನು ಕಣ್ಣಾರೆ ನೋಡಲೇ ಇಲ್ಲ. ಅಂಥ ಒಂದು ಆಕಾರದ ಹಿಂದೆ ಇಷ್ಟು ಹಣ, ಇಷ್ಟು ಕಾಲ, ಇಷ್ಟು ಬುದ್ಧಿ ಇರುತ್ತದೆ.

ಇನ್ನು ದುಬಾಯಿಯ ಬುರ್ಜ್ ಖಲೀಫಾ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇದರ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಸಿಗುತ್ತದೆ. 828 ಮೀಟರ್ ಎತ್ತರದ ಇದು 2010ರಲ್ಲಿ ತೆರೆಯಿತು. ಮೈಯೆಲ್ಲ ಗಾಜು. ಆದರೆ ಅದು ನಮ್ಮ ಪೇಟೆಯ ಅಂಗಡಿಯ ಮುಂಭಾಗಕ್ಕೆ ಹಾಕುವಂಥ ಗಾಜಲ್ಲ. ಮರುಭೂಮಿಯ ಬಿಸಿಲನ್ನು ಹಿಂದಕ್ಕೆ ಎಸೆಯುವ ಲೇಪವಿರುವ ಗಾಜು. ಹವಾನಿಯಂತ್ರಣ ಯಂತ್ರಗಳಿಂದ ಇಳಿಯುವ ನೀರನ್ನೂ ಹಿಡಿದಿಟ್ಟು ಸುತ್ತಲಿನ ಗಿಡಗಳಿಗೆ ಬಿಡುತ್ತಾರೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ನೂರು ಮಿಲಿಮೀಟರ್. ನಮ್ಮಲ್ಲಿ ಮೂರು ಸಾವಿರಕ್ಕೂ ಮಿಕ್ಕಿ. ಅಲ್ಲಿಯ ಮೈ ಇಲ್ಲಿಗೆ ಹೇಗೆ ಹೊಂದೀತು?

ಇದಕ್ಕೆ ಉತ್ತರ ಆ ಕಟ್ಟಡದ ನಕ್ಷೆ ಮಾಡಿದವರ ಬಳಿಯೇ ಸಿಗುತ್ತದೆ. ಬುರ್ಜ್ ಖಲೀಫಾದ ನಕ್ಷೆ ಅಮೆರಿಕಾದ ಸ್ಕಿಡ್‌ಮೋರ್, ಓವಿಂಗ್ಸ್ ಆ್ಯಂಡ್ ಮೆರಿಲ್ ಸಂಸ್ಥೆಯದು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ ರೂಪಿಸಿದ್ದೂ ಅದೇ ಸಂಸ್ಥೆ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಆ ಕಟ್ಟಡದಲ್ಲಿ ದುಬಾಯಿಯ ನಕಲಿಲ್ಲ. ಮಾಡಿನ ಕೆಳಗೆ ಉದ್ದಕ್ಕೂ ಸಂಸ್ಕರಿಸಿದ ಬಿದಿರು, ಮೇಲಿನಿಂದ ಇಳಿಬಿಟ್ಟ ಗಿಡಬಳ್ಳಿಗಳು, ನಡುವೆ ತೋಟ. ಉದ್ಯಾನನಗರಿ ಎನಿಸಿಕೊಂಡ ಊರಿಗೆ ಅವರು ಕೊಟ್ಟ ಉತ್ತರ ಅದು. ಊರು ಬದಲಾದಾಗ ಅವರೇ ತಮ್ಮ ಕಟ್ಟಡವನ್ನು ಬದಲಿಸಿದರು.

ಅದೇ ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಕಟ್ಟಡಗಳನ್ನು ನೋಡಿ. ಅದರ ಶಿಲ್ಪಿ ಬಾಲಕೃಷ್ಣ ದೋಶಿ, 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು. ಒರಟು ಬೂದುಬಣ್ಣದ ಕಗ್ಗಲ್ಲಿನ ಗೋಡೆ, ಉದ್ದನೆಯ ಓಣಿಗಳು. ಆ ಓಣಿಗಳಿಗೆ ಕೆಲವೆಡೆ ಮಾಡು, ಕೆಲವೆಡೆ ಬಳ್ಳಿ ಹಬ್ಬಿದ ಚಪ್ಪರ, ಕೆಲವೆಡೆ ಬರಿಯ ಆಕಾಶ. ಪಾಠ ಮುಗಿಸಿ ಬಂದವರು ನೆರಳಲ್ಲಿ ನಿಂತು ಮಾತಾಡಲಿ ಎಂದು ಜಾಗ ಬಿಟ್ಟಿದ್ದಾರೆ. ಅಕ್ಬರನ ಫತೇಪುರ್ ಸಿಕ್ರಿಯ ಅಂಗಳಗಳಿಂದ ದೋಶಿಯವರು ಇದನ್ನು ಕಲಿತರು.

ಈಗ ನಮ್ಮ ರಾಜ್ಯದ ರಾಜಧಾನಿಗೆ ಬನ್ನಿ. ಸೆಕ್ರೆಟರಿಯೇಟಿನ ಕೆಲಸಕ್ಕೆಂದು ತಿರುವನಂತಪುರಕ್ಕೆ ಹೋದವರು ತಂಬಾನೂರಿನ ಬಸ್ ನಿಲ್ದಾಣದ ಹತ್ತಿರ ಕೆಂಪು ಇಟ್ಟಿಗೆಯ ಉರುಟು ಗೋಪುರದಂಥ ಕಾಫಿ ಹೌಸನ್ನು ನೋಡಿಯೇ ಇರುತ್ತೀರಿ. ಅಲ್ಲಿ ಒಳಗಿನ ನೆಲವೇ ಸುರುಳಿಯಾಗಿ ಮೇಲೇರುತ್ತದೆ. ಹೊರಗೋಡೆಯ ಉದ್ದಕ್ಕೂ ಮೇಜು, ಬೆಂಚು. ಗೋಡೆಯ ತುಂಬ ಜಾಲರಿ ಕಿಂಡಿಗಳು. ಗಾಳಿಗೂ ಬೆಳಕಿಗೂ ಅವೇ ದಾರಿ. ಇದನ್ನು ಮಾಡಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಈ ದೇಶದ ಪೌರರಾಗಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡವರು. ಯೌವನದಲ್ಲಿ ಅವರು ಮುಂಬಯಿಯಲ್ಲಿ ಗಾಂಧೀಜಿಯವರನ್ನು ಕಂಡಿದ್ದರು. ಮನೆಗೆ ಬೇಕಾದ ವಸ್ತುವೆಲ್ಲ ಐದು ಮೈಲಿಯೊಳಗೆ ಸಿಗಬೇಕು ಎಂಬ ಗಾಂಧೀಜಿಯ ಮಾತನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು.

ಬೇಕರರ ಒಂದು ಉಪಾಯದಲ್ಲಿ ನಮ್ಮ ಹಂಚೂ ಸೇರಿದೆ. ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣದ ಸರಳು. ಅಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಸರಳುಗಳ ನಡುವೆ ಹಳೆಯ ಮಂಗಳೂರು ಹಂಚುಗಳನ್ನಿಟ್ಟು ಮೇಲೆ ಕಾಂಕ್ರೀಟು ಹಾಕಿದರು. ಸಿಮೆಂಟು ಉಳಿಯಿತು, ಕೋಣೆ ತಂಪಾಯಿತು. ಆ ಹಂಚು ಹುಟ್ಟಿದ್ದು ನಮ್ಮ ನೆರೆಯಲ್ಲೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದರು. ಅಲ್ಲಿಂದ ಹಂಚು ಹಡಗು ಹತ್ತಿ ಆಫ್ರಿಕಾದ ತೀರದವರೆಗೂ ಹೋಯಿತು.

ಮೀಂಜದ ಐದು ಮೈಲಿಯೊಳಗೆ ಏನುಂಟು? ಮೊದಲನೆಯದು ಮುರಕಲ್ಲು. ಮಲಯಾಳದಲ್ಲಿ ಇದೇ ಚೆಂಗಲ್ಲು. ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಒಣಗಿದ ಮೇಲೆ ಗಟ್ಟಿ. ಬುಕಾನನ್ ಎಂಬವರು ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟರು; ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂದರ್ಥ. ಬೇಕಲದ ಕೋಟೆ ಅದರದ್ದೇ. ಹಾಗೆಂದು ಕಲ್ಲು ಮುಗಿಯದ ಸೊತ್ತಲ್ಲ. ಯಂತ್ರದಿಂದ ಕೊರೆದ ಕೋರೆಗಳು ಗುಡ್ಡದಲ್ಲಿ ಬಾಯಿ ತೆರೆದುಕೊಂಡಿರುವುದನ್ನು, ಮಳೆಗಾಲದಲ್ಲಿ ಅವು ಕೆರೆಯಂತಾಗುವುದನ್ನು ನೀವೇ ನೋಡುತ್ತೀರಿ. ಹಳೆಯ ಕಟ್ಟಡ ಕೆಡವುವಾಗ ಸಿಗುವ ಕಲ್ಲು, ಪಕ್ಕಾಸು, ಹಂಚುಗಳನ್ನು ಜೋಪಾನ ಮಾಡುವುದು ಅದಕ್ಕಾಗಿಯೇ ಮುಖ್ಯ.

ಹಂಚಿನ ಮಾಡನ್ನು ಜನ ಸುಮ್ಮನೆ ಬಿಟ್ಟವರಲ್ಲ. ಮರಕ್ಕೆ ಬೆಲೆ ಏರಿತು. ಗೆದ್ದಲು ಹಿಡಿಯುತ್ತದೆ. ಮಂಗಗಳು ಹಾರಿದರೆ ಹಂಚು ಒಡೆಯುತ್ತದೆ, ಏರಿ ಸರಿಮಾಡುವವರು ಸಿಗುವುದಿಲ್ಲ. ಹಾಗಾಗಿ ಚಪ್ಪಟೆ ತಾರಸಿ ಬಂತು. ಆದರೆ ಅದರ ಮೇಲೆ ಈಗ ಏನಿದೆ ನೋಡಿ. ಮಳೆನೀರು ಇಂಗಿ ಸೋರಲು ತೊಡಗಿದ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರು ಶೀಟು ಹಾಕಿಸಿದ್ದೇವೆ. ಅಜ್ಜಂದಿರ ಕಾಲದ ಇಳಿಜಾರೇ ಬೇರೆ ವೇಷದಲ್ಲಿ ಹಿಂದೆ ಬಂತು, ಒಂದು ಮನೆಗೆ ಎರಡು ಮಾಡಿನ ಖರ್ಚು ಬಿತ್ತು. ಮನೆಯವರ ತಪ್ಪಾದರೆ ಮನೆಯವರೇ ತೆತ್ತಾರು. ಸಾರ್ವಜನಿಕ ಕಟ್ಟಡದಲ್ಲಿ ಹೀಗಾದರೆ ತೆರುವವರು ಊರವರೆಲ್ಲ.

ಆದ್ದರಿಂದ ಗ್ರಾಮಸಭೆಯಲ್ಲಿ ಹೊಸ ಅಂಗನವಾಡಿಯದೋ ವಾಚನಾಲಯದ್ದೋ ಬಸ್ ತಂಗುದಾಣದ್ದೋ ಮಾತು ಬಂದಾಗ, ಸಹಕಾರಿ ಸಂಘದ ಮಹಾಸಭೆಯಲ್ಲಿ ಹೊಸ ಕಟ್ಟಡದ ಅಂದಾಜುಪಟ್ಟಿ ಓದಿದಾಗ, ಮುಂಭಾಗದ ಚಂದದ ಜೊತೆ ಕೆಲವು ಸರಳ ಪ್ರಶ್ನೆಗಳನ್ನು ಕೇಳಿ. ಆಟಿಯ ಮಳೆ ಗಾಳಿಯೊಡನೆ ಪಡುವಣದಿಂದ ಹೊಡೆದಾಗ ಎರಚಲು ಒಳಗೆ ಬಾರದಂತೆ ಸೂರು ಎಷ್ಟು ಹೊರಗೆ ಚಾಚಿದೆ? ಸರದಿಗಾಗಿ ಕಾಯುವ ಮುದುಕರಿಗೆ, ಮಗು ಎತ್ತಿಕೊಂಡ ತಾಯಂದಿರಿಗೆ ಕುಳಿತುಕೊಳ್ಳಲು ಜಗಲಿ ಉಂಟೆ? ಕರೆಂಟು ಹೋದರೆ ಒಳಗೆ ಉಸಿರಾಡಲು ಗಾಳಿ ಬರುತ್ತದೆಯೆ? ಹತ್ತು ವರ್ಷದ ನಂತರ ಒಂದು ಮೂಲೆ ಸೋರಿದರೆ ನಮ್ಮ ಊರಿನ ಮೇಸ್ತ್ರಿಯೇ ಸರಿಮಾಡಬಲ್ಲರೆ, ಇಲ್ಲ ಮಂಗಳೂರಿನಿಂದ ಕಂಪೆನಿಯವರು ಬರಬೇಕೆ?

ಈ ಪ್ರಶ್ನೆ ಕೇಳಲು ಇಂಜಿನಿಯರಿಂಗ್ ಓದಿರಬೇಕೆಂದಿಲ್ಲ. ಕನ್ನಡದಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ. ನಕ್ಷೆ ಕಾಗದದಲ್ಲಿರುವಾಗಲೇ ಕೇಳಿ. ಕಾಂಕ್ರೀಟು ಹಾಕಿದ ಮೇಲೆ ಕೇಳಿದರೆ ಉತ್ತರ ಯಾರಲ್ಲೂ ಇರುವುದಿಲ್ಲ.