ಜೈಲಿನೊಳಗಿನ ಅರ್ಜಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ಹಳ್ಳಿಯಿಂದ ಐಟಿ ಕಂಪನಿಗೆ'. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ, ಪಿಯುಸಿ ಆಯಿತು, ಬಿಇ ಆಯಿತು, ಕೆಲಸ ಸಿಕ್ಕಿತು. ಆ ಕಥೆ ಈಗ ಮನೆಗೊಂದಿದೆ. ಅವರ ಅಪ್ಪಣೆ ಪಡೆದು ಬೇರೆ ವಿಷಯ ಮಾತನಾಡುತ್ತೇನೆ.

ನಮ್ಮ ಶಾಲೆ ಶುರುವಾದ ಕಾಲ ನೆನಪಿಸಿಕೊಳ್ಳಿ. 1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಬಂತು. ಮಿಸಾ ಎಂಬ ಕಾಯ್ದೆಯಡಿ ವಿಚಾರಣೆಯೇ ಇಲ್ಲದೆ ಜನರನ್ನು ಒಳಗೆ ಹಾಕಬಹುದಾಗಿತ್ತು. ನಮ್ಮ ಕಾರಿಗನೂರಿನ ಜೆ.ಎಚ್. ಪಟೇಲರೂ ಆಗ ಜೈಲು ಕಂಡವರೇ. ಅವರ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲೇ ಕುಳಿತಿದ್ದೀರಿ, ನಾನು ಬಾಯಿ ಹಾಕುವುದಿಲ್ಲ. ನಾನು ಹೇಳಹೊರಟಿರುವುದು ಸ್ನೇಹಲತಾ ರೆಡ್ಡಿಯವರ ಬಗ್ಗೆ.

'ಸಂಸ್ಕಾರ' ಸಿನಿಮಾ ನೋಡಿದವರಿಗೆ ಚಂದ್ರಿಯ ಪಾತ್ರ ನೆನಪಿರುತ್ತದೆ. 1970ರ ಚಿತ್ರ. ಕಥೆ ತೀರ್ಥಹಳ್ಳಿ ಕಡೆಯ ಅನಂತಮೂರ್ತಿಯವರದು. ನಾರಣಪ್ಪನಾಗಿ ನಟಿಸಿದ ಲಂಕೇಶರು ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯವರು, ಅಂದರೆ ನಮ್ಮ ನೆರೆಯವರೇ. ಚಂದ್ರಿಯಾಗಿದ್ದವರು ಸ್ನೇಹಲತಾ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ. ಗಂಡ ಹೆಂಡತಿ ಇಬ್ಬರೂ ಸಮಾಜವಾದಿಗಳು, ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತರು. ಜಾರ್ಜ್ ಆಗ ತಲೆಮರೆಸಿಕೊಂಡಿದ್ದರು. ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ 1976ರ ಮೇ 2ರಂದು ಈಕೆಯನ್ನು ಬಂಧಿಸಿದರು. ಅದಕ್ಕೆ ನಾಲ್ಕು ದಿನ ಮುಂಚೆ, ಏಪ್ರಿಲ್ 28ರಂದು, ಇಂಥ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತ್ತು. ಐವರು ನ್ಯಾಯಮೂರ್ತಿಗಳಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಕೊನೆಗೆ ಆರೋಪಪಟ್ಟಿ ಹಾಕಿದಾಗ ಅದರಲ್ಲಿ ಸ್ನೇಹಲತಾ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ.

ಅವರನ್ನು ಇಟ್ಟದ್ದು ಬೆಂಗಳೂರಿನ ಶೇಷಾದ್ರಿ ರಸ್ತೆಯ ಹಳೇ ಸೆಂಟ್ರಲ್ ಜೈಲಿನಲ್ಲಿ. ಈಗ ಅದು ಫ್ರೀಡಂ ಪಾರ್ಕ್. ಜೈಲು ಪರಪ್ಪನ ಅಗ್ರಹಾರಕ್ಕೆ ಹೋಗಿದೆ, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ನನ್ನ ಆಫೀಸ್ ಬಸ್ಸಿನ ದಾರಿಗೆ ಹತ್ತಿರದಲ್ಲೇ. ಎಷ್ಟು ವರ್ಷ ಆ ಕಡೆ ಓಡಾಡಿದೆನೋ, ಒಳಗಿರುವವರ ಬಗ್ಗೆ ಒಂದು ದಿನ ಯೋಚಿಸಿದವನಲ್ಲ. ಒಂದು ಭಾನುವಾರ ಫ್ರೀಡಂ ಪಾರ್ಕಿಗೆ ಹೋಗಿ ಆ ಕಾವಲು ಗೋಪುರದ ಕೆಳಗೆ ನಿಂತ ಮೇಲೆ ಸ್ನೇಹಲತಾರ ಜೈಲು ದಿನಚರಿ ಹುಡುಕಿ ಓದಿದೆ. ಅದು 1977ರಲ್ಲೇ ಪುಸ್ತಕವಾಗಿ ಬಂದಿದೆ.

ಅವರಿಗೆ ಹಳೆಯ ಉಬ್ಬಸದ ಕಾಯಿಲೆ. ಒಬ್ಬರು ಮಲಗುವಷ್ಟು ಕೋಣೆ, ಒಂದು ಕೊನೆಗೆ ಸರಳು, ಇನ್ನೊಂದು ಕೊನೆಗೆ ಪಾಯಿಖಾನೆಯ ಗುಂಡಿ. ಇಂಥ ಸ್ಥಿತಿಯಲ್ಲಿ ಯಾರಾದರೂ ತಮ್ಮ ಕಷ್ಟವನ್ನೇ ಬರೆದುಕೊಳ್ಳುತ್ತಾರೆ. ಅವರೂ ಬರೆದಿದ್ದಾರೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ಜೈಲಿಗೆ ಹೊಸದಾಗಿ ಬಂದ ಹೆಂಗಸನ್ನು ಎಲ್ಲರೆದುರು ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುತ್ತಿದ್ದರು. ಹೊಡೆತ ದಿನನಿತ್ಯದ್ದು. ಆ ಬಡ ಹೆಂಗಸರ ಪರವಾಗಿ ಈಕೆ ಅಧಿಕಾರಿಗಳ ಜೊತೆ ಜಗಳಕ್ಕೆ ನಿಂತರು. ತಾನು ಇಲ್ಲಿಗೆ ಬಂದು ಏನಾಯಿತು ಎಂದು ದಿನಚರಿಯಲ್ಲಿ ಲೆಕ್ಕ ಹಾಕುವಾಗ ಅವರು ಹಿಡಿದ ಲೆಕ್ಕ ಇದು: ಹೆಂಗಸರಿಗೆ ಬೀಳುತ್ತಿದ್ದ ಹೊಡೆತ ನಿಂತಿತು, ಊಟ ಸುಧಾರಿಸಿತು. ಅವರ ಬಿಡುಗಡೆ ಆ ಲೆಕ್ಕದಲ್ಲಿಲ್ಲ.

ನಮ್ಮ ಕಡೆ ಗುರು ಅಂದರೆ ಎದುರು ಕೂರಿಸಿಕೊಂಡು ಹೇಳಿಕೊಡುವವರು. ಸ್ನೇಹಲತಾ ಹಾಗೆ ಪಾಠ ಮಾಡಿದವರಲ್ಲ. ಆದರೆ ಏಟು ತಿನ್ನುವುದೇ ತನ್ನ ಹಣೆಬರಹ ಅಂದುಕೊಂಡ ಹೆಂಗಸು, ಇದು ತಪ್ಪು, ಹೀಗೆ ಮಾಡುವಂತಿಲ್ಲ ಎಂದು ಸಾಹೇಬರ ಮುಖಕ್ಕೇ ಹೇಳುವುದನ್ನು ಮೊದಲ ಸಲ ಕಂಡಳಲ್ಲ, ಅದು ಪಾಠ ಅಲ್ಲದೆ ಮತ್ತೇನು?

ಆ ರಾತ್ರಿಗಳಲ್ಲಿ ಆಕೆಯ ಕೂಗು ತಮ್ಮ ಕೋಣೆಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆ ಬರೆದಿದ್ದಾರೆ. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ತೀರಾ ಹದಗೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದು ದಿನಕ್ಕೆ, ಜನವರಿ 20ರಂದು ತೀರಿಕೊಂಡರು.

ಇದನ್ನು ಈ ವೇದಿಕೆಯಲ್ಲೇ ಹೇಳುವುದಕ್ಕೆ ಒಂದು ಕಾರಣವಿದೆ. ನನ್ನ ಜೊತೆ ಇದೇ ಶಾಲೆಯ ಬೆಂಚಿನಲ್ಲಿ ಕೂತಿದ್ದ ಒಬ್ಬ ಗೆಳೆಯ ಮಾಡದ ತಪ್ಪಿಗೆ 11 ತಿಂಗಳು ವಿಚಾರಣಾ ಕೈದಿಯಾಗಿದ್ದ. ಕೊನೆಗೆ ಕೋರ್ಟು ಅವನನ್ನು ನಿರ್ದೋಷಿ ಎಂದಿತು. ಅವನು ಒಪ್ಪಿದ್ದರಿಂದಲೇ ಇಷ್ಟು ಹೇಳುತ್ತಿದ್ದೇನೆ. ಹೆಸರು ಬೇಡ, ನಿಮಗೆ ಗೊತ್ತಿದೆ. ಯಾವ ಜೈಲು, ಯಾವ ಠಾಣೆ ಅನ್ನುವುದೂ ಬೇಡ. ಆ 11 ತಿಂಗಳಲ್ಲಿ ನಾನು ಒಂದು ಸಲವೂ ನೋಡಲು ಹೋಗಲಿಲ್ಲ. ಕಂಪನಿಯಲ್ಲಿ ಗೊತ್ತಾದರೆ ಏನಂದಾರು, ವೀಸಾಕ್ಕೆ ತೊಂದರೆಯಾದರೆ ಏನು ಗತಿ ಎಂದು ಹೆದರಿದೆ. ಅವನ ಅವ್ವ ಫೋನ್ ಮಾಡಿದಾಗ 'ಮೀಟಿಂಗಲ್ಲಿದೀನಿ ಅವ್ವಾ' ಅಂದವನು ನಾನು.

ಬಿಡುಗಡೆಯಾದ ಮೇಲೆ ಸಿಕ್ಕಾಗ ಒಳಗೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. 'ಅರ್ಜಿ ಬರೀತಿದ್ದೆ ಕಣೋ' ಅಂದ. ಒಳಗಿದ್ದವರಲ್ಲಿ ಎಷ್ಟೋ ಜನಕ್ಕೆ ತಮ್ಮ ಕೇಸು ಯಾವ ಹಂತದಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ವಕೀಲರನ್ನಿಡಲು ದುಡ್ಡಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, ಆದರೆ ಅದನ್ನು ಕೇಳಿ ಪಡೆಯಬೇಕು. ಇವನು ಒಬ್ಬೊಬ್ಬರಿಗೂ ಬರೆದುಕೊಟ್ಟ. ಜಗಳೂರು ಕಡೆಯ ಒಬ್ಬ ಹಿರಿಯರು ಹೆಬ್ಬೆಟ್ಟು ಒತ್ತಲು ಹೋದಾಗ, 'ತಡೀರಿ ಯಜಮಾನ್ರೇ' ಎಂದು ಎರಡು ವಾರ ಕೂತು ಸಹಿ ಮಾಡುವುದನ್ನು ಕಲಿಸಿದನಂತೆ. ಆಮೇಲೆ ಸಹಿ ಕಲಿಯುವವರ ಸಾಲೇ ನಿಂತಿತಂತೆ. ಅವನಿಗೆ ಸ್ನೇಹಲತಾ ಯಾರೆಂದು ಗೊತ್ತಿರಲಿಲ್ಲ. ಅರ್ಜಿಯ ನಮೂನೆ ಮಾತ್ರ ನೆನಪಿತ್ತು. ಇವರಿಗೆ, ಇವರಿಂದ, ಮಾನ್ಯರೇ, ವಿಷಯ. ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಅಂಚು ಬಿಟ್ಟು ಬರೆಯದಿದ್ದರೆ ಕಿವಿ ಹಿಂಡಿ ಕಲಿಸಿದ್ದು. ಸಾರ್, ತಾವು ಇಲ್ಲೇ ಇದ್ದೀರಿ. ತಾವು ಕಲಿಸಿದ ಅರ್ಜಿ ಎಲ್ಲಿಯವರೆಗೆ ಹೋಯಿತೆಂದು ತಮಗೆ ತಿಳಿಯಲಿ ಎಂದೇ ಇದನ್ನು ಹೇಳಿದೆ.

ಅವನು ಊರಿಗೆ ಬಂದು ಎರಡು ವರ್ಷವಾಯಿತು. ಕೋರ್ಟು ಬಿಟ್ಟರೂ ನಾವು ಬಿಟ್ಟಿಲ್ಲ. ಅಂಗಡಿಯಲ್ಲಿ ಅವನು ಬಂದರೆ ಮಾತು ನಿಲ್ಲುತ್ತದೆ, ತಂಗಿಗೆ ನೋಡಲು ಬಂದ ಗಂಡಿನ ಕಡೆಯವರಿಗೆ ಯಾರೋ ಫೋನ್ ಮಾಡಿ ಹೇಳುತ್ತಾರೆ. ನಾನು ದೂರ ಉಳಿದವನಾದ್ದರಿಂದ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಒಂದು ಕೋರಿಕೆ ಮಾತ್ರ. ಮಹೋತ್ಸವದ ನೆನಪಿಗೆ ನಮ್ಮ ಬ್ಯಾಚಿನವರು ಶಾಲೆಗೆ ಕಂಪ್ಯೂಟರ್ ಕೊಡುತ್ತಿದ್ದೇವೆ. ಶನಿವಾರ ಮಧ್ಯಾಹ್ನ ಆ ಕೋಣೆಯಲ್ಲಿ ಊರಿನವರಿಗೆ ಅರ್ಜಿ, ಪಹಣಿ, ಪಿಂಚಣಿ ಕೆಲಸ ಮಾಡಿಕೊಡಲು ಅವನು ಸಿದ್ಧನಿದ್ದಾನೆ. ಮುಖ್ಯೋಪಾಧ್ಯಾಯರೂ ಸಮಿತಿಯವರೂ ಒಪ್ಪಿಗೆ ಕೊಡಬೇಕು.

ಈಗ ಊಟದ ಹೊತ್ತು. ನಾನೂ ಅವನೂ ಬೇವಿನ ಮರದ ಕಡೆಯ ಪಂಕ್ತಿಯಲ್ಲಿ ಕೂರುತ್ತೇವೆ. ಬ್ಯಾಚಿನವರು ಅಲ್ಲಿಗೇ ಬನ್ನಿ.