ಒಂದು ಜಗಳ, ಎರಡು ಕಲ್ಲು

 

ಸಂಚಾಲಕರು ನನಗೆ ಕೊಟ್ಟ ವಿಷಯ ದೊಡ್ಡದು: ಬೇರೆಬೇರೆ ದೇಶಗಳಲ್ಲಿ ಅಪರಾಧ ಮತ್ತು ಹಿಂಸೆಯ ಅಧ್ಯಯನ. ಅದನ್ನೆಲ್ಲ ಒಂದು ಸಂಜೆಗೆ ತರಲು ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ. ಸಮಾಜಶಾಸ್ತ್ರದ ಪಾಠ ಹೇಳುತ್ತ ಬಂದ ಇಷ್ಟು ವರ್ಷ ನನ್ನ ಬೆನ್ನು ಬಿಡದ ಒಂದೇ ತಕರಾರು ಇದೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. ಯಾರ ಸಾವು ಕೊಲೆಯ ಲೆಕ್ಕಕ್ಕೆ ಬರುತ್ತದೆ, ಯಾರದು ಬರುವುದಿಲ್ಲ? ಅರಸನ ಆಜ್ಞೆಯಿಂದ ಸತ್ತ ಹರಳಯ್ಯನ ಗವಿ ಇರುವ ಈ ಕಲ್ಯಾಣದಲ್ಲಿ ಈ ಪ್ರಶ್ನೆಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಮ್ಯಾನುಯೆಲ್ ಐಸ್ನರ್ ಎಂಬ ವಿದ್ವಾಂಸರಿದ್ದಾರೆ. ಸ್ವಿಟ್ಜರ್ಲೆಂಡಿನವರು. ಝೂರಿಕ್‌ನಲ್ಲಿ ಕೆಲಸ ಮಾಡಿ, ಆಮೇಲೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಸಂಸ್ಥೆ ಸೇರಿದವರು. ಅವರ ವೃತ್ತಿಜೀವನದ ಬಹುಪಾಲು ಹಿಂಸೆಯನ್ನು ಎಣಿಸುವುದರಲ್ಲಿ ಕಳೆದಿದೆ. 2004ರಲ್ಲಿ ಝೂರಿಕ್‌ನ ಶಾಲೆಗಳಲ್ಲಿ ಒಂದನೇ ಇಯತ್ತೆಗೆ ಸೇರಿದ ಮಕ್ಕಳನ್ನು ಅವರು ದೊಡ್ಡವರಾಗುವ ತನಕ ಗಮನಿಸುತ್ತ ಬಂದರು. ಯಾರು ಬಡಿದಾಟಕ್ಕೆ ಇಳಿಯುತ್ತಾರೆ, ಯಾರು ಬಿಡುತ್ತಾರೆ, ಏಕೆ ಎಂದು ನೋಡಿದರು. ಅದಾದ ಮೇಲೆ ಜಮೈಕಾದ ಕಿಂಗ್‌ಸ್ಟನ್, ಘಾನಾದ ಕೊಫೊರಿದುವಾ, ಶ್ರೀಲಂಕಾದ ರಾಗಮ, ಪಾಕಿಸ್ತಾನದ ತರ್ಲಾಯಿ ಕಲಾನ್ ಹೀಗೆ ಎಂಟು ದೇಶಗಳ ಎಂಟು ಊರುಗಳಲ್ಲಿ ಗರ್ಭಿಣಿಯರಿಂದಲೇ ಅಧ್ಯಯನ ಶುರುಮಾಡಿದರು. ಮಗುವಿನ ಮೇಲೆ ಬೀಳುವ ಹಿಂಸೆಯ ನೆರಳು ಹುಟ್ಟಿಗಿಂತ ಮೊದಲೇ ಮನೆಯೊಳಗೆ ಇರುತ್ತದಲ್ಲ, ಅದನ್ನು ಹಿಡಿಯಲು. ಇಂಥ ದುಡಿಮೆಯ ಬಗ್ಗೆ ನನಗೆ ಬಹಳ ಗೌರವ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಇತಿಹಾಸದ ಕೆಲಸ. ಯುರೋಪಿನ ಹಳೆಯ ಕಡತ ತಿರುವಿ ಹಾಕಿ ಅವರು ತೋರಿಸಿದ್ದು ಇದು: ಮಧ್ಯಯುಗದ ಕೊನೆಯ ಭಾಗದಲ್ಲಿ ಅಲ್ಲಿ ಲಕ್ಷ ಜನರಿಗೆ ವರ್ಷಕ್ಕೆ ಸುಮಾರು 20ರಿಂದ 40 ಕೊಲೆ, ಇಪ್ಪತ್ತನೆಯ ಶತಮಾನದ ಮಧ್ಯಕ್ಕೆ ಒಂದರ ಆಸುಪಾಸು. (ನಮ್ಮ ದೇಶದಲ್ಲಿ 2022ರಲ್ಲಿ ದಾಖಲಾದ ಕೊಲೆ ಪ್ರಕರಣ 28,522, ಲಕ್ಷಕ್ಕೆ 2.1.) 2011ರಲ್ಲಿ ಅವರೇ ರಾಜರ ಸಾವುಗಳನ್ನು ಎಣಿಸಿದರು. ಕ್ರಿ.ಶ. 600ರಿಂದ 1800ರವರೆಗೆ, ಯುರೋಪಿನ 45 ರಾಜ್ಯಗಳ 1,513 ಅರಸರು. ಅವರಲ್ಲಿ ನೂರಕ್ಕೆ 22 ಜನ ಹಿಂಸೆಯಿಂದ ಸತ್ತರು, ನೂರಕ್ಕೆ 15 ಜನ ನೇರ ಕೊಲೆಯಾದರು. ನೂರು ರಾಜರು ಒಂದು ವರ್ಷ ಆಳಿದರೆ ಅವರಲ್ಲಿ ಒಬ್ಬನ ಕೊಲೆ. ಸಿಂಹಾಸನದಷ್ಟು ಅಪಾಯದ ಜಾಗ ಹೆಚ್ಚು ಇರಲಿಲ್ಲ.

ಇದನ್ನು ಓದಿದಾಗ ಕಲ್ಯಾಣದವನಿಗೆ ಇಲ್ಲಿಯ ಅರಸ ಬಿಜ್ಜಳನ ನೆನಪಾಗದೆ ಇರುತ್ತದೆಯೇ? ಆ ಪಟ್ಟಿ ಯುರೋಪಿನದು, ಅದರಲ್ಲಿ ಬಿಜ್ಜಳ ಇಲ್ಲ. ಅಂಥದೇ ಒಂದು ಪಟ್ಟಿ ನಾವು ಮಾಡಿದರೆ ಅವನನ್ನು ಎಲ್ಲಿ ಹಾಕುತ್ತೇವೆ? ನಮ್ಮ ಪುರಾಣಗಳ ಪ್ರಕಾರ ಜಗದೇವ ಮತ್ತು ಅವನ ಸಂಗಡಿಗರು ಅವನನ್ನು ಕೊಂದರು. ಜೈನ ಕವಿ ಧರಣಿ ಪಂಡಿತನ ಬಿಜ್ಜಳರಾಯ ಚರಿತೆ ವಿಷದ ಮಾತು ಹೇಳುತ್ತದೆ, ಬೆರಳನ್ನು ಬಸವಣ್ಣನವರ ಕಡೆಗೆ ತೋರಿಸುತ್ತದೆ. ಶಾಸನಗಳನ್ನು ನಂಬುವವರು 1167-68ರ ಹೊತ್ತಿಗೆ ಅವನು ಮಗ ಸೋವಿದೇವನಿಗೆ ಪಟ್ಟ ಬಿಟ್ಟುಕೊಟ್ಟಿದ್ದ ಎಂದು ಹೇಳಿ ಅಲ್ಲಿಗೇ ನಿಲ್ಲುತ್ತಾರೆ. ಒಂದೇ ಸಾವು: ಒಬ್ಬರಿಗೆ ಶಿಕ್ಷೆ, ಇನ್ನೊಬ್ಬರಿಗೆ ದ್ರೋಹ, ಮೂರನೆಯವರ ಪಾಲಿಗೆ ಬರೀ ಒಂದು ಪಟ್ಟ ಬದಲಾವಣೆ.

ಈಗ ಆ ಕಥೆಯ ಮೊದಲ ಅರ್ಧಕ್ಕೆ ಬನ್ನಿ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸ, ಹರಳಯ್ಯನ ಮಗ ಶೀಲವಂತ. ಮದುವೆ, ದೂರು, ಬಿಜ್ಜಳನ ಆಜ್ಞೆಯಂತೆ ಆನೆಯ ಕಾಲಿಗೆ ಕಟ್ಟಿ ಎಳೆಹೂಟೆ. ನಿಮಗೆ ನಾನು ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಅಪರಾಧಶಾಸ್ತ್ರದ ಪುಸ್ತಕ ತೆಗೆದು ಈ ಸಾವುಗಳನ್ನು ಹುಡುಕಿದರೆ ಅವು ಎಲ್ಲಿಯೂ ಸಿಗುವುದಿಲ್ಲ. ಅಧಿಕಾರದಲ್ಲಿರುವವನು ಆಜ್ಞೆ ಮಾಡಿ ಕೊಲ್ಲಿಸಿದ್ದು ಮರಣದಂಡನೆ, ಕೊಲೆಯಲ್ಲ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಅಪರಾಧಗಳ ವರ್ಗೀಕರಣದಲ್ಲೂ ಇದೇ ರೀತಿ: ಕಾನೂನಿನಂತೆ ಆದ ಸಾವು, ಯುದ್ಧದಲ್ಲಿ ಆದ ಸಾವು ಕೊಲೆಯ ಅಂಕಣಕ್ಕೆ ಸೇರುವುದಿಲ್ಲ. ಹೀಗೆ ಬಿಜ್ಜಳನ ಒಂದು ಸಾವು ಲೆಕ್ಕಕ್ಕೆ ಬರುತ್ತದೆ. ಆ ಸಾವಿಗೆ ಕಾರಣವಾದ ಸಾವುಗಳು ಹೊರಗೆ ಉಳಿಯುತ್ತವೆ. ನನ್ನ ತಕರಾರು ಇದು. ಇದನ್ನು ನಾನು ಐಸ್ನರ್ ಅವರ ಮೇಲೆ ಹಾಕುತ್ತಿಲ್ಲ, ಎಣಿಸುವವನಿಗೆ ಎಲ್ಲೋ ಒಂದು ಗೆರೆ ಬೇಕು. ಗೆರೆಯನ್ನು ಯಾರು ಎಳೆದರು ಎಂದಷ್ಟೇ ಕೇಳುತ್ತಿದ್ದೇನೆ.

ಈ ಗೆರೆಯ ಜಗಳ ಇದೇ ಊರಲ್ಲಿ ಮೊದಲೇ ಆಗಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದದ್ದು ಈ ಕಲ್ಯಾಣದಲ್ಲಿ. ಹಿಂದೂ ಕುಟುಂಬದ ಆಸ್ತಿ ಹಂಚುವಾಗ ಕೋರ್ಟುಗಳು ಆ ಹೆಸರು ಎತ್ತುವುದರಿಂದ ಅದು ಬರೀ ಪಾಲುಪಟ್ಟಿಯ ಗ್ರಂಥ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ಬೈಗುಳ, ಹೊಡೆತ, ಕಳ್ಳತನ, ಬಲಾತ್ಕಾರದ ಕೃತ್ಯಗಳಿಗೆ ಬೇರೆಬೇರೆ ಪ್ರಕರಣಗಳಿವೆ. ಆತತಾಯಿಯ ಚರ್ಚೆ ಇದೆ: ಬೆಂಕಿ ಇಡಲು, ವಿಷ ಹಾಕಲು, ಆಯುಧ ಎತ್ತಿ ಕೊಲ್ಲಲು ಬಂದವನನ್ನು ಎದುರಿಸುವಾಗ ಅವನು ಸತ್ತರೆ ಕೊಂದವನು ಅಪರಾಧಿಯೇ, ಬಂದವನು ಬ್ರಾಹ್ಮಣನಾಗಿದ್ದರೆ ಏನು ಎಂದು ವಿಜ್ಞಾನೇಶ್ವರ ತಲೆ ಕೆಡಿಸಿಕೊಂಡಿದ್ದಾನೆ. ಕೆಲವು ದಶಕಗಳ ನಂತರ ಇದೇ ಪೇಟೆಯಲ್ಲಿ ಸಮಗಾರನ ಮಗ, ಬ್ರಾಹ್ಮಣನ ಮಗಳು ಮದುವೆಯಾದರು. ಅವರ ಹಿರಿಯರನ್ನು ಆನೆಯ ಕಾಲಿಗೆ ಕಟ್ಟಿಸಿದವನು ಆತತಾಯಿ ಹೌದೋ ಅಲ್ಲವೋ? ಮಿತಾಕ್ಷರದ ಒಳಗೆ ಈ ಪ್ರಶ್ನೆಗೆ ಜಾಗವಿಲ್ಲ, ಏಕೆಂದರೆ ಅಲ್ಲಿ ದಂಡ ಹಿಡಿದವನು ರಾಜನೇ.

ಇಲ್ಲಿ ನಮ್ಮ ಸರ್ ಅವರನ್ನು ನೆನೆಯಬೇಕು. ಹುಮನಾಬಾದಿನಲ್ಲಿ ನಮಗೆ ಇತಿಹಾಸ ಹೇಳಿದವರು. ವೇದಿಕೆಯ ಮೇಲೆ ಹೆಸರು ಹೇಳಿಸಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ, ಹೇಳುವುದಿಲ್ಲ. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿ, ಹಳಗನ್ನಡ ಲಿಪಿಯನ್ನು ಸ್ವಂತ ಪ್ರಯತ್ನದಿಂದ ಕಲಿತವರು. ರವಿವಾರ ನಮ್ಮನ್ನು ಸೈಕಲ್ ಮೇಲೆ ಜಲಸಂಗಿಗೆ ಕರೆದೊಯ್ಯುತ್ತಿದ್ದರು. ಅಲ್ಲಿಯ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನೀವೆಲ್ಲ ನೋಡಿದ್ದೀರಿ. ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತಿದ್ದಾಳೆ. ನಾವು ಅವಳ ಚೆಲುವು ನೋಡುತ್ತಿದ್ದರೆ ಸರ್ ಕೇಳುತ್ತಿದ್ದರು: "ಈಕಿಗೆ ಬರೀರಿ ಅಂತ ಹೇಳ್ದವರು ಯಾರು? ಬರೀಬ್ಯಾಡ ಅಂತ ಹೇಳಿದ್ದು ಏನಿರಬೇಕು?" ಪದವಿಯ ಕೊನೆಯ ವರ್ಷ ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ನನ್ನ ಕೈಗೆ ಕೊಟ್ಟು, ವೀರರ ಭಾಗವನ್ನು ಮೊದಲು ಓದು ಎಂದರು. ನಾನು ಇವತ್ತಿಗೂ ಬಿಡದೆ ಹಿಡಿದಿರುವ ಒಂದು ವಿಚಾರ ಹುಟ್ಟಿದ್ದು ಅಲ್ಲಿ.

ವಿಚಾರ ಇಷ್ಟೇ. ಐಸ್ನರ್ ಮತ್ತು ಅವರ ಸಂಗಡಿಗರು ಹದಿನಾಲ್ಕನೆಯ ಶತಮಾನದ ಲಂಡನ್ನಿನ ಕೊಲೆಗಳ ನಕ್ಷೆ ಮಾಡಿದ್ದಾರೆ. ಅನುಮಾನದ ಸಾವಾದಾಗ ಪಂಚನಾಮೆ ಮಾಡುವ ಅಧಿಕಾರಿ ಅಲ್ಲಿದ್ದ. ಅವನ ಸುರುಳಿಗಳಲ್ಲಿ ಜಾಗ, ಹೊತ್ತು, ಆಯುಧ, ಜಗಳದ ಕಾರಣ ಎಲ್ಲ ದಾಖಲಾಗಿವೆ. ಅದರಿಂದ 142 ಕೊಲೆಗಳನ್ನು ಓಣಿ ಓಣಿಯಲ್ಲಿ ಗುರುತಿಸಿದರು. ಮುಂದೆ ಯಾರ್ಕ್ ಮತ್ತು ಆಕ್ಸ್‌ಫರ್ಡನ್ನು ಸೇರಿಸಿದಾಗ, ವಿದ್ಯಾರ್ಥಿಗಳು ತುಂಬಿದ್ದ ಆಕ್ಸ್‌ಫರ್ಡಿನಲ್ಲಿ ಕೊಲೆಯ ಪ್ರಮಾಣ ಉಳಿದೆರಡು ಊರಿಗಿಂತ ನಾಲ್ಕೈದು ಪಟ್ಟು ಕಂಡಿತು. ನಮಗೆ ಅಂಥ ಸುರುಳಿ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಉತ್ತರ: ವೀರಗಲ್ಲು ಇದೆ. ಕರ್ನಾಟಕದ ಊರೂರಲ್ಲಿ ಸಾವಿರಾರು ಇವೆ. ಎಷ್ಟೋ ಕಲ್ಲುಗಳಲ್ಲಿ ಶಕವರ್ಷವಿದೆ, ಊರಿದೆ, ಸತ್ತವನ ಹೆಸರಿದೆ, ಕಾರಣವಿದೆ: ತುರುಗೋಳು (ದನ ಹಿಡಿಯುವ ದಾಳಿ), ಊರಳಿವು (ಊರಿನ ನಾಶ), ಪೆಣ್ಬುಯ್ಯಲು (ಹೆಂಗಸರ ಮೊರೆ), ಗಡಿಯ ತಂಟೆ. ಇಷ್ಟು ಕಾಲ, ಇಷ್ಟು ದಟ್ಟವಾಗಿ, ಹಿಂಸೆಯ ಸಾವುಗಳನ್ನು ಕಲ್ಲಿನಲ್ಲಿ ಬರೆದಿಟ್ಟ ಸೀಮೆ ಜಗತ್ತಿನಲ್ಲಿ ಹೆಚ್ಚು ಇರಲಾರವು. ಅಪರಾಧದ ಇತಿಹಾಸ ಬರೆಯುವವರು ಈ ಕಡೆ ತಿರುಗಿ ನೋಡಬೇಕು ಎಂದು ಹೋದ ಕಡೆಯೆಲ್ಲ ಹೇಳುತ್ತೇನೆ.

ಶಾಸನ ಬಲ್ಲವರು ಒಪ್ಪುವುದಿಲ್ಲ. ವೀರಗಲ್ಲು ಸ್ತುತಿ, ಪಂಚನಾಮೆ ಅಲ್ಲ. ಒಂದು ಬದಿಯವರು ತಮ್ಮವನಿಗೆ ಹಾಕಿಸಿದ್ದು. ಅವನ ಕೈಯಲ್ಲಿ ಸತ್ತವರ ಹೆಸರು ಅದರಲ್ಲಿಲ್ಲ ಎನ್ನುತ್ತಾರೆ. ಸರಿಯಾದ ಮಾತು. ಸರ್ ಕೂಡ ಇದನ್ನೇ ಹೇಳಿದ್ದರು, ಆದರೆ ಅದರ ಮುಂದೆ ಒಂದು ಹೆಜ್ಜೆ ಇಟ್ಟಿದ್ದರು: "ಈ ಊರಾಗಿಂದು ಓದಿದ ಮ್ಯಾಲ ಎದುರಿನ ಊರಿಗಿ ಹೋಗಿ ನೋಡು." ತುರು ಮರಳಿಸಿ ಸತ್ತವನಿಗೆ ಕಲ್ಲುಂಟು. ಒಡೆಯನ ಮಾತಿಗೆ ತುರು ಹಿಡಿಯಲು ಹೋಗಿ ಸತ್ತವನಿಗೂ ಕಲ್ಲುಂಟು. ಎರಡರ ಮೇಲಿನ ಪಟ್ಟಿಕೆಗಳಲ್ಲೂ ಅದೇ ಕೈಲಾಸ, ಅದೇ ಅಪ್ಸರೆಯರು. ಒಂದು ಜಗಳಕ್ಕೆ ಎರಡು ಕಲ್ಲು. ಎರಡನ್ನೂ ಓದಿದವನಿಗೆ ಮಾತ್ರ ಜಗಳ ತಿಳಿಯುತ್ತದೆ. ಒಂದನ್ನೇ ಓದಿದವನಿಗೆ ವೀರ ಮಾತ್ರ ಸಿಗುತ್ತಾನೆ.

ನಾನು ಈಗ 1948ಕ್ಕೆ ಬರಬೇಕು. ಬರದೆ ಹೋದರೆ ಇಷ್ಟು ಹೊತ್ತು ಹೇಳಿದ್ದು ಸುಳ್ಳಾಗುತ್ತದೆ.

ಆ ವರ್ಷದ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋರ್ಟಾದ ಮೇಲೆ, ನಿಜಾಮರ ಪರ ನಿಂತ ರಜಾಕಾರರು ಬಿದ್ದರು. 200ಕ್ಕೂ ಹೆಚ್ಚು ಜನ ಸತ್ತರು ಎಂದು ಸೀಮೆಯೆಲ್ಲ ಹೇಳುತ್ತದೆ. ಅಲ್ಲಿ ಸ್ಮಾರಕವಿದೆ, ಇರಬೇಕು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ನಿಜಾಮರ ಸಂಸ್ಥಾನದ ಒಳಗೆ ಬಂತು. ನಿಜಾಮರ ಆಳ್ವಿಕೆ ಮುಗಿದ 17ರಂದು ನಾವು ಧ್ವಜ ಹಾರಿಸುತ್ತೇವೆ. ಅದರ ನಂತರದ ವಾರಗಳಲ್ಲಿ ಇದೇ ಹಳ್ಳಿಗಳಲ್ಲಿ ಮುಸಲ್ಮಾನರಿಗೆ ಏನಾಯಿತು ಎಂದು ತಿಳಿಯಲು ಕೇಂದ್ರ ಸರಕಾರವೇ ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರನ್ನು ಕಳಿಸಿತು. ಸಂಸ್ಥಾನದಲ್ಲಿ 27ರಿಂದ 40 ಸಾವಿರ ಜನ ಸತ್ತಿರಬೇಕು ಎಂದು ಅವರು ಅಂದಾಜು ಮಾಡಿದರು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆ ಎಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಆ ವರದಿ ಹಲವು ದಶಕ ಅಚ್ಚಾಗದೆ ಉಳಿಯಿತು. 'ಭಾರತದಲ್ಲಿ ಅಪರಾಧ' ಎಂಬ ಸರಕಾರದ ವಾರ್ಷಿಕ ಅಂಕಿಅಂಶ ಶುರುವಾದದ್ದು 1953ರಲ್ಲಿ. ಮೇ ತಿಂಗಳ ಸಾವುಗಳಾಗಲಿ, ಸೆಪ್ಟೆಂಬರಿನವಾಗಲಿ, ಆ ಯಾವ ಸಂಪುಟದಲ್ಲೂ ಇಲ್ಲ. ಅಪರಾಧವೂ ಅಲ್ಲ, ಯುದ್ಧವೂ ಅಲ್ಲ ಎಂಬಂತೆ ಉಳಿದವು. ನಮ್ಮ ಸರ್ ಆ ವರ್ಷವನ್ನು ಕಣ್ಣಾರೆ ಕಂಡವರು. ಚಾಲುಕ್ಯರ ಬಗ್ಗೆ ತಾಸುಗಟ್ಟಲೆ ಮಾತಾಡಿದ ಮನುಷ್ಯ ಅದರ ಬಗ್ಗೆ ತರಗತಿಯಲ್ಲಿ ಒಂದು ದಿನವೂ ಬಾಯಿ ಬಿಡಲಿಲ್ಲ.

ನಾನು ಹುಮನಾಬಾದ್, ಕಲ್ಯಾಣ, ಭಾಲ್ಕಿಯ ಹಳ್ಳಿಗಳಲ್ಲಿ ಮುದುಕ ಮುದುಕಿಯರ ಹತ್ತಿರ ಕೂತು ಆ ವರ್ಷ ಸತ್ತವರ ಹೆಸರು ಬರೆದುಕೊಳ್ಳುತ್ತ ಬಂದಿದ್ದೇನೆ. ಎರಡೂ ಕಡೆಯವರದು. ಹೇಳಿದವರು ಅತ್ತಿದ್ದಾರೆ, ಕೆಲವರು ನನ್ನನ್ನು ಬಾಗಿಲಿಂದಲೇ ಕಳಿಸಿದ್ದಾರೆ. ಗೋರ್ಟಾದ ಒಬ್ಬ ಅಜ್ಜಿ ಕೇಳಿದಳು: "ನಮ್ಮವರ ಹೆಸರು ಅವರ ಹೆಸರಿನ ಜೋಡಿ ಒಂದೇ ವಹಿಯಾಗ ಇಡ್ತಿಯೇನಪ್ಪಾ?" ನಾನು ಉತ್ತರ ಕೊಟ್ಟಿಲ್ಲ. ಎಣಿಕೆಯ ಶಾಸ್ತ್ರ ಕಲಿತವನಾಗಿ, ಸಾವೆಂದರೆ ಸಾವು, ಒಂದೇ ವಹಿ ಸಾಕು ಎನ್ನಬೇಕು. ಆದರೆ ಬಿಜ್ಜಳನನ್ನು ಕೊಂದನೆಂಬ ಜಗದೇವನ ಹೆಸರನ್ನು ಆರೋಪಿಯ ಅಂಕಣದಲ್ಲಿ ಬರೆಯಲು ನನ್ನ ಕೈ ಇವತ್ತಿಗೂ ಏಳುವುದಿಲ್ಲ. ನನಗೇ ಏಳದ ಕೈಯನ್ನು ಆ ಅಜ್ಜಿ ಎತ್ತಬೇಕು ಎಂದು ನಾನು ಹೇಗೆ ಕೇಳಲಿ?

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಈ ಹೆಸರುಗಳನ್ನು ಅಚ್ಚು ಹಾಕಿಸಬೇಕು, ಹೇಳಿದವರಲ್ಲಿ ಬಹಳ ಜನ ಈಗಿಲ್ಲ. ಅಕಾರಾದಿಯಾಗಿ ಜೋಡಿಸಿದರೆ ಎರಡೂ ಕಡೆಯ ಹೆಸರುಗಳು ಒಂದರ ಕೆಳಗೊಂದು ಬೆರೆತು ನಿಲ್ಲುತ್ತವೆ. ತಿಂಗಳವಾರು ಜೋಡಿಸಿದರೆ ಮೇ ಬೇರೆ, ಸೆಪ್ಟೆಂಬರ್ ಬೇರೆ ಆಗುತ್ತದೆ. ಯಾರು ಮೊದಲು ಎಂಬ ಮಾತು ತಾನಾಗಿಯೇ ಏಳುತ್ತದೆ. ಊರುವಾರು ಹಾಕಿದರೆ ಕೆಲವು ಊರುಗಳಲ್ಲಿ ಇಬ್ಬರೂ ಇದ್ದಾರೆ. ಇಲ್ಲಿ ಎರಡೂ ಮನೆಗಳಿಗೆ ಸೇರಿದವರು ಕೂತಿದ್ದೀರಿ. ಯಾವ ಕ್ರಮದಲ್ಲಿ ಹಾಕಲಿ? ಯಾವ ಕ್ರಮವಾದರೆ ನೀವು ಆ ಪುಸ್ತಕವನ್ನು ಮನೆಯೊಳಗೆ ತೆಗೆದುಕೊಂಡು ಹೋಗುತ್ತೀರಿ?