ಮುಳುಗಡೆಯ ಅಜ್ಜಿ ಹೇಳಿದ್ದು
(ಹೈಸ್ಕೂಲು ಮೇಷ್ಟ್ರುಗಳ ಕಮ್ಮಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಲಿಂಗನಮಕ್ಕಿಯ ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಒಂದು ಅಣೆಕಟ್ಟು ಇನ್ನೊಂದರ ನೀರಿನಲ್ಲಿ ಮುಳುಗಿದ ವಿಚಿತ್ರ ಅದು. ಜನ ಹೋಗುತ್ತಾರೆ, ಫೋಟೋ ತೆಗೆಯುತ್ತಾರೆ. ಸುತ್ತಲಿದ್ದ ಅಡಿಕೆ ತೋಟ, ಮನೆಯಂಗಳ ಮಾತ್ರ ಯಾವ ಬೇಸಿಗೆಯಲ್ಲೂ ಮೇಲೇಳುವುದಿಲ್ಲ. ಅವು ಉಳಿದಿರುವುದು ಕೆಲವು ಮುದುಕ ಮುದುಕಿಯರ ನೆನಪಿನಲ್ಲಿ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ 20 ವರ್ಷದವರಾಗಿದ್ದವರಿಗೆ ಈಗ 80 ದಾಟಿದೆ. ಮುಳುಗಡೆಯನ್ನು ಹುಡುಗರಾಗಿ ಕಂಡವರು ಇನ್ನೂ ಸಿಗುತ್ತಾರೆ. ಆದರೆ ಅಂದು ಸಂಸಾರ ನಡೆಸುತ್ತಿದ್ದವರು, ಯಾವ ದನವನ್ನು ಯಾರಿಗೆ ಕೊಡಬೇಕು, ದೇವರ ಕಲ್ಲನ್ನು ಹೇಗೆ ಸಾಗಿಸಬೇಕು ಎಂದು ನಿರ್ಧರಿಸಿದವರು ಹೆಚ್ಚು ಜನ ಉಳಿದಿಲ್ಲ. ಒಂದೊಂದು ಮಳೆಗಾಲಕ್ಕೂ ಒಬ್ಬೊಬ್ಬರು ಕಡಿಮೆಯಾಗುತ್ತಿದ್ದಾರೆ.

ಕಡತಗಳಿವೆಯಲ್ಲ ಎನ್ನಬಹುದು. ಕಡತದಲ್ಲಿ ಸಿಗುವುದು ಸರ್ವೆ ನಂಬರು, ಎಕರೆ, ಗುಂಟೆ, ಪರಿಹಾರದ ಮೊತ್ತ. ಅದೂ ಖಾತೆದಾರನ ಹೆಸರಿನಲ್ಲಿ. ಕೂಲಿಗೆ ಬರುತ್ತಿದ್ದವಳನ್ನು ಅಲ್ಲಿ ಹುಡುಕಿ ನೋಡಿ! ನಾ. ಡಿಸೋಜರ 'ದ್ವೀಪ' ಈ ನೋವನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿತು, 2002ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಆದರೂ ಕಾದಂಬರಿ ಕಾದಂಬರಿಯೇ. ನಮಗೆ ಬೇಕಾದದ್ದು ಅನುಭವಿಸಿದವರ ಬಾಯಿಂದಲೇ ಬಂದ ಮಾತು.

ಆ ಮಾತು ಸುಲಭವಾಗಿ ಬರುವುದಿಲ್ಲ. ಕೇಳುವವರು ಯಾರು ಎಂಬುದರ ಮೇಲೆ ಕಥೆಯೇ ಬದಲಾಗುತ್ತದೆ. ಅಮೆರಿಕದಲ್ಲಿ 1936ರಿಂದ 1938ರವರೆಗೆ ಸರ್ಕಾರವೇ ಬರಹಗಾರರನ್ನು ಕಳಿಸಿ, ಹಿಂದೆ ಗುಲಾಮರಾಗಿದ್ದ ಎರಡು ಸಾವಿರಕ್ಕೂ ಹೆಚ್ಚು ವೃದ್ಧರ ಜೀವನಕಥೆ ಬರೆಸಿತು. ಚಾರ್ಲ್‌ಸ್ಟನ್ ಎಂಬ ಊರಿನಲ್ಲಿ ಸೂಸನ್ ಹ್ಯಾಮ್ಲಿನ್ ಎಂಬ ಮುದುಕಿಯನ್ನು ಇಬ್ಬರು ಬೇರೆ ಬೇರೆಯಾಗಿ ಕಂಡರು. ಬಿಳಿಯ ಹೆಂಗಸು ಕೇಳಿದಾಗ ಯಜಮಾನ ಒಳ್ಳೆಯವನೇ ಆಗಿದ್ದ. ಕಪ್ಪು ಜನಾಂಗದ ಗಂಡಸು ಕೇಳಿದಾಗ ಚಾಟಿಯೇಟು, ತಾಯಿ ಮಕ್ಕಳನ್ನು ಅಗಲಿಸಿ ಮಾರಿದ್ದು ಎಲ್ಲ ಹೊರಬಂತು. ಆ ಬಿಳಿಯ ಹೆಂಗಸನ್ನು ಅಜ್ಜಿ ಸಹಾಯಧನದ ಕಚೇರಿಯವಳೆಂದು ತಿಳಿದಿದ್ದಳಂತೆ.

ನಗಬೇಡಿ. ಶರಾವತಿ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಪೆನ್ನು, ಪುಸ್ತಕ ಹಿಡಿದು ಅಂಗಳಕ್ಕೆ ಹೋದರೆ ನಿಮ್ಮನ್ನೂ ಸರ್ವೆಯವರೆಂದೇ ತಿಳಿಯುತ್ತಾರೆ, ಎಕರೆಯ ಲೆಕ್ಕವನ್ನೇ ಹೇಳುತ್ತಾರೆ. ಮೊದಲ ದಿನ ಸುಮ್ಮನೆ ಕವಳ ಹಾಕಿಕೊಂಡು ಬನ್ನಿ. ಏಕೆ ಬಂದಿದ್ದೀರಿ, ಮಾತನ್ನು ಎಲ್ಲಿ ಇಡುತ್ತೀರಿ ಎಂದು ತಿಳಿಸಿ, ಒಪ್ಪಿಗೆ ಪಡೆಯಿರಿ. ಆಮೇಲೂ 'ಆಗ ಹೇಗನ್ನಿಸಿತು' ಎಂದು ಕೇಳಬೇಡಿ. ಹಿತ್ತಲಲ್ಲಿ ಏನಿತ್ತು, ನೀರು ಎಲ್ಲಿಂದ ತರುತ್ತಿದ್ದಿರಿ, ಹೊಸ ಜಾಗದಲ್ಲಿ ಮೊದಲ ರಾತ್ರಿ ಎಲ್ಲಿ ಅಡುಗೆ ಮಾಡಿದಿರಿ ಎಂದು ಕೇಳಿ. ಒಲೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಮಿಕ್ಕದ್ದೆಲ್ಲ ಬರುತ್ತದೆ. ಇಸವಿ ತಪ್ಪಿದರೆ ತಿದ್ದಲು ಹೋಗಬೇಡಿ. ಮದುವೆ, ಬಾಣಂತನಗಳ ಲೆಕ್ಕದಿಂದ ಅದನ್ನು ಆಮೇಲೆ ಹೊಂದಿಸಬಹುದು. ಅವರು ಮೌನವಾದರೆ ನೀವೂ ಮೌನವಾಗಿರಿ.

ಇನ್ನು ಕಾಪಾಡುವ ಮಾತು. ಇದನ್ನು ಹೇಳಲು ನನಗೆ ನಾಚಿಕೆಯಿದೆ. ನಮ್ಮಜ್ಜಿಯ ಮಾತನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದೆ. ಮೇಲೆ ಹೆಸರು ಬರೆದಿರಲಿಲ್ಲ. ಮನೆಯವರು ಯಾರೋ ಅದರ ಮೇಲೆ ಸಿನಿಮಾ ಹಾಡು ತುಂಬಿಸಿದರು. ಕೊನೆಯಲ್ಲಿ ಅರ್ಧ ನಿಮಿಷ ಉಳಿದಿತ್ತು, ಅಜ್ಜಿ ಕೋಳಿ ಓಡಿಸುವ ಸದ್ದು. ಈಗ ಅದಕ್ಕೂ ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿದಿದೆ. ಇಂದು ಎಲ್ಲರ ಕಿಸೆಯಲ್ಲೂ ಮೊಬೈಲು ಇದೆ, ಅದು ಕಳೆದರೆ ಮಾತೂ ಹೋಯಿತು. ಆದ್ದರಿಂದ ಅಂದೇ ಸಂಜೆ ಬೇರೆ ಕಡೆ ಪ್ರತಿ ಮಾಡಿ, ಹೆಸರು, ಊರು, ತಾರೀಖು ಬರೆಯಿರಿ. ಒಂದು ಪ್ರತಿ ಶಾಲೆಯಲ್ಲಿರಲಿ, ಒಂದು ಆ ಮನೆಯಲ್ಲೇ ಇರಲಿ.

ಮನೆಗೆ ಕೊಡುವಾಗ ಅವರೆದುರಿಗೇ ಒಮ್ಮೆ ಕೇಳಿಸಿ. ಕಳೆದ ವರ್ಷ ಮುಳುಗಡೆಯ ಅಜ್ಜಿಯೊಬ್ಬರಿಗೆ ಹಾಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೂತಿದ್ದವರು ನಡುವೆ ಕೈ ಎತ್ತಿ ತಡೆದರು. "ಅದು ತಪ್ಪು ತಮ್ಮಾ. ನಾವು ಲಾರೀಲಿ ಬಂದದ್ದಲ್ಲ, ಲಾರೀಲಿ ಸಾಮಾನು ಬಂತು. ನಾವು ದನದ ಹಿಂದೆ ನಡಕೊಂಡು ಬಂದ್ವಿ. ಇನ್ನೊಂದ್ಸಲ ಒತ್ತು, ಹೇಳ್ತೀನಿ" ಎಂದರು.